ಬೀಜ ಕೆದಕಿ ನೋಡ್ಬೇಡ್ರೋ: ನಲಿಕಲಿ ಮಕ್ಕಳ ಜೊತೆ ಕೈತೋಟ ಮಾಡೋದು ಹೆಂಗೆ

ಮೊದ್ಲೇ ಹೇಳಿಬಿಡ್ತೀನಿ, ಒಬ್ಬೊಬ್ಬರಿಗೂ ಒಂದೊಂದು ಕುಂಡ ಕೊಟ್ಟು ಹೆಸರು ಬರೆಸಿ ಯಾರ ಗಿಡ ಚೆನ್ನಾಗಿ ಬರುತ್ತೋ ಅವರಿಗೆ ಪ್ರೈಜ್ ಅಂತ ಮಾತ್ರ ಮಾಡ್ಬೇಡಿ. ಚಿತ್ರದುರ್ಗದ ಹತ್ರ ಇರೋ ನಮ್ಮ ಹಳ್ಳಿ ಶಾಲೇಲಿ ಮೊದಲ ವರ್ಷ ನಾನು ಮಾಡಿದ್ದು ಅದೇ, ಹತ್ತು ದಿನಕ್ಕೆ ಒಂದು ಬೆಳಿಗ್ಗೆ ಬಂದು ನೋಡಿದ್ರೆ ಮೂರು ಕುಂಡದ ಸಸಿ ಯಾರೋ ಕಿತ್ತು ಹಾಕಿದ್ರು, ಯಾರು ಅಂತ ನಾನೂ ಕೇಳ್ಲಿಲ್ಲ, ಪ್ರೈಜ್ ಇಟ್ಟೋಳು ನಾನೇ ಅಲ್ವಾ.

ಈಗ ಮಡಿ ಮಾಡ್ತೀವಿ. ಆರಡಿ ಉದ್ದ, ಮೂರಡಿ ಅಗಲ, ಅದಕ್ಕಿಂತ ಅಗಲ ಬೇಡ ಯಾಕಂದ್ರೆ ಪುಟ್ಟ ಕೈ ಮಧ್ಯಕ್ಕೆ ಎಟುಕಲ್ಲ, ಎಟುಕ್ಲಿಲ್ಲ ಅಂದ್ರೆ ಒಳಗೇ ಇಳಿದುಬಿಡ್ತವೆ. ಒಂದು ಮಡಿಗೆ ನಾಲ್ಕು ಜನ, ಇಬ್ಬರು ಒಂದನೇ ಕ್ಲಾಸು, ಇಬ್ಬರು ಮೂರನೇ ಕ್ಲಾಸು. ನಲಿಕಲೀಲಿ ಹೆಂಗೂ ಒಂದರಿಂದ ಮೂರು ಒಟ್ಟಿಗೇ ಕೂರ್ತಾವಲ್ಲ.

ಎರಡು ಬುಟ್ಟಿ ಕೆಂಪು ಮಣ್ಣಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಸಾಕು. ಗೊಬ್ಬರ ಚೆನ್ನಾಗಿ ಕಳಿತಿರ್ಬೇಕು, ಹಸಿ ಸಗಣಿ ಹಾಕಿದ್ರೆ ಎಳೆ ಬೇರು ಸುಟ್ಟೋಗುತ್ತೆ, ಗೊಣ್ಣೆಹುಳಾನೂ ಬರುತ್ತೆ. ನಿಮ್ಮದು ಎರೆ ನೆಲ ಆದ್ರೆ ಒಂದು ಬುಟ್ಟಿ ಮರಳೂ ಸೇರಿಸಿ.

ಬೀಜಕ್ಕೆ ಮೆಂತ್ಯ ಮತ್ತೆ ಕೊತ್ತಂಬರಿ ಎರಡನ್ನೂ ಒಂದೇ ದಿನ ಹಾಕ್ಸಿ. ಇದು ಬೇಕಂತಲೇ ಮಾಡೋದು. ಮೆಂತ್ಯ ರಾತ್ರಿ ನೆನೆಸಿ ಹಾಕಿದ್ರೆ ನಾಲ್ಕೈದು ದಿನಕ್ಕೆ ತಲೆ ಎತ್ತುತ್ತೆ, ಕೊತ್ತಂಬರಿ ಬೀಜ ಉಜ್ಜಿ ಎರಡು ಹೋಳು ಮಾಡಿ ಹಾಕಿದ್ರೂ ಎಂಟು ಹತ್ತು ದಿನ ಬೇಕು. ಐದನೇ ದಿನ ಮೆಂತ್ಯದ ಕಡೆ ಕುಣಿದಾಟ, ಕೊತ್ತಂಬರಿ ಕಡೆಯೋರು ಕಡ್ಡಿ ತಗೊಂಡು ಕೆದಕೋಕೆ ಶುರು ಮಾಡ್ತಾರೆ, ಸತ್ತೋಗೈತೆ ಮಿಸ್ ಅಂತಾರೆ. ನಮ್ಮ ಒಂದೇ ರೂಲು, ಮುಚ್ಚಿದ ಮೇಲೆ ಕೆದಕಂಗಿಲ್ಲ. ತೀರಾ ತಡೆಯೋಕಾಗ್ದೋರಿಗೆ ಗಾಜಿನ ಲೋಟದೊಳಗೆ ಒದ್ದೆ ಬಟ್ಟೆ ಸುತ್ತಿ ಗಾಜಿಗೆ ಅಂಟಿಕೊಂಡಂಗೆ ಅವರೆಕಾಳು ಇಟ್ಟು ಕೊಡಿ, ಬೇರು ಕೆಳಗೆ ಇಳಿಯೋದು ಕಾಣುತ್ತೆ, ಮಣ್ಣೊಳಗೂ ಹಿಂಗೇ ನಡೀತಿದೆ ಅಂತ ಅವರೇ ಹೇಳ್ಕೊತಾರೆ. ನಂಬಿಕೆ ಅಂದ್ರೇನು ಅಂತ ಬೋರ್ಡ್ ಮೇಲೆ ಬರೆಯೋಕೆ ಹೋಗ್ಬೇಡಿ, ಈ ಐದು ದಿನ ಸಾಕು.

ಬಿತ್ತೋ ದಿನ ನಿಮ್ಮ ಅಜ್ಜಿ ಏನ್ ಮಾಡ್ತಾರೆ ಅಂತ ಕೇಳ್ಕೊಂಡು ಬರ್ಬೇಕು ಅಂತ ಹಿಂದಿನ ದಿನ ಹೇಳಿ ಕಳ್ಸಿ. ಒಬ್ಬಳು ಅರಿಶಿನ ಕುಂಕುಮ ಕಟ್ಕೊಂಡು ಬಂದ್ಲು, ಒಬ್ಬ ಬಿಸ್ಮಿಲ್ಲಾ ಅಂದು ಕಾಳು ಹಾಕ್ದ, ಇನ್ನೊಬ್ಬ ಮಳೆರಾಯನ್ನ ಹೊತ್ಕೊಂಡು ಮನೆ ಮನೆ ಸುತ್ತಿದ್ದನ್ನ ಮಾಡಿ ತೋರಿಸ್ದ, ತಲೆ ಮೇಲೆ ಒಂದು ಚೊಂಬು ನೀರೂ ಹುಯ್ಸಿಕೊಂಡ. ಎಲ್ಲಾನೂ ಮಾಡ್ಸಿ, ಯಾವುದು ಸರಿ ಅಂತ ತೀರ್ಪು ಕೊಡೋಕೆ ಹೋಗ್ಬೇಡಿ.

ನೀರಿನದ್ದೇ ನಮ್ಮ ಜಿಲ್ಲೇಲಿ ದೊಡ್ಡ ಪಾಡು. ಬಿಸಿಊಟಕ್ಕೆ ಮುಂಚೆ ಕೈ ತೊಳೆಯೋ ನೀರನ್ನ ಮಡಿ ಕಡೆ ತಿರುಗಿಸಬಹುದು ಅಂತಾರೆ, ಆದ್ರೆ ಸೋಪು ಹಾಕ್ತಾರಲ್ಲ, ಸೊಪ್ಪಿಗೆ ನಾನಂತೂ ಬಿಡಲ್ಲ. ಹೀರೆ, ಸೌತೆ ಥರದ ಬಳ್ಳಿಗೆ ಮಡಕೆ ಹೂಳೋದು ಬೆಸ್ಟು. ಬಣ್ಣ ಗಿಣ್ಣ ಬಳಿದಿರೋದು ಬೇಡ, ಸಾದಾ ಮಣ್ಣಿನ ಮಡಕೆ, ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಳ ಹಾಕ್ಬೇಕು, ಇಲ್ಲಾಂದ್ರೆ ಸೊಳ್ಳೆ ಮೊಟ್ಟೆ ಇಡುತ್ತೆ. ನೀರು ಮೆಲ್ಲಗೆ ಒಸರಿ ಸುತ್ತ ಹಾಕಿದ ಬಳ್ಳಿಗೆ ಸಿಗುತ್ತೆ. ಶನಿವಾರ ಮನೆಗೆ ಹೋಗೋ ಮುಂಚೆ ತುಂಬ್ಸಿ ಹೋಗ್ತವೆ, ಸೋಮವಾರ ಬಂದ ತಕ್ಷಣ ಬ್ಯಾಗೂ ಇಳಿಸ್ದೆ ಮುಚ್ಚಳ ತೆಗೆದು ಬಗ್ಗಿ ನೋಡ್ತವೆ.

ಹುಳ ಕಂಡ್ರೆ ಮಕ್ಕಳಿಗೆ ಮೊದಲು ಬರೋ ಐಡಿಯಾ ತುಳಿಯೋದು. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆ ಥರ ಕಾಣೋ ಮರಿಹುಳ ಸಿಕ್ಕಿದ್ರೆ ಅದನ್ನ ಎಲೆ ಸಮೇತ ಡಬ್ಬಿಗೆ ಹಾಕಿ ತೆಳು ಬಟ್ಟೆ ಕಟ್ಟಿ, ದಿನಾ ಹೊಸ ಎಲೆ ಹಾಕೋ ಡ್ಯೂಟಿನ ತುಳಿಯೋಕೆ ಹೋದೋನಿಗೇ ಕೊಡಿ. ಅದು ಹಸಿರಾಗುತ್ತೆ, ಗೂಡು ಕಟ್ಟುತ್ತೆ, ಆಮೇಲೆ ಚಿಟ್ಟೆ. ನಮ್ಮಲ್ಲಿ ಅದು ಹಾರಿದ ದಿನ ಅವನೇ ಅತ್ತಿದ್ದು. ಎಲೆ ಹೇನಿಗೆ ಮಾತ್ರ ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪು, ಅದನ್ನ ನೀವೇ ಹೊಡೀರಿ.

ಇಪ್ಪತ್ತೈದು ಮೂವತ್ತು ದಿನಕ್ಕೆ ಮೆಂತ್ಯ ಕೀಳೋಕೆ ಬರುತ್ತೆ. ಮೊದಲ ಕಂತೆ ಅಡುಗೆ ಅಮ್ಮನಿಗೆ, ಉಳಿದಿದ್ದು ಹಂಚಿಕೆ. ಹಂಚೋದನ್ನ ಮಕ್ಕಳಿಗೇ ಬಿಡಿ, ಜಗಳ ಆಗುತ್ತೆ, ಆಗ್ಲಿ. ನಮ್ಮಲ್ಲಿ ಜ್ವರ ಅಂತ ಎರಡು ವಾರ ಬರದೆ ಇದ್ದ ಹುಡುಗನಿಗೆ ಪಾಲು ಕೊಡ್ಬೇಕಾ ಅಂತ ಶುರುವಾಯ್ತು. ಮೂರನೇ ಕ್ಲಾಸಿನೋನೊಬ್ಬ ನಮ್ಮ ಜಿಲ್ಲೆಯ ನಾಯಕನಹಟ್ಟೀಲಿ ಶರಣ ತಿಪ್ಪೇಸ್ವಾಮಿಗೆ ನಡೆಯೋ ಜಾತ್ರೆಗೆ ಹೋಗಿ ಬಂದೋನು, ಮಾಡಿದಷ್ಟು ನೀಡು ಭಿಕ್ಷೆ ಅಂತ ತಿಪ್ಪೇಸ್ವಾಮಿನೇ ಹೇಳೈತೆ, ಅವ್ನು ನೀರೇ ಹಾಕಿಲ್ಲ ಅಂದ. ನನಗೂ ಏನು ಹೇಳ್ಬೇಕೋ ತಿಳೀಲಿಲ್ಲ. ಆಗ ಒಂದನೇ ಕ್ಲಾಸಿನ ಹುಡುಗಿ, ತಿಪ್ಪೇಸ್ವಾಮಿ ಕೆರೆ ಕಟ್ಸಿದ್ದಲ್ವಾ, ಆ ನೀರು ಬರೀ ಕೆಲಸ ಮಾಡ್ದೋರಿಗೆ ಕೊಟ್ಟಿದ್ನಾ ಅಂದ್ಲು. ಎಲ್ಲಾ ಸುಮ್ಮನಾದ್ರು. ಅವತ್ತು ಸಂಜೆ ಮೂರು ಮಕ್ಕಳು ಒಂದು ಕಂತೆನ ಒದ್ದೆ ಬಟ್ಟೇಲಿ ಸುತ್ಕೊಂಡು ಅವನ ಮನೆಗೆ ಹೊರಟ್ರು, ದಾರೀಲಿ ಅರ್ಧ ಮೇಕೆ ತಿಂತಂತೆ, ಉಳಿದರ್ಧ ತಲುಪ್ತು.