ಮಳೆಗಾಲ ದಾಟುವ ಕ್ಷೌರದ ಪೆಟ್ಟಿಗೆ

ಸಣ್ಣ ತಯಾರಕರ ಕೈಯಲ್ಲಿ ತಯಾರಾದ ಸೋಪು, ಬ್ರಷ್ಷು, ರೇಜರ್‌ಗಳನ್ನು ಒಂದೊಂದಾಗಿ ಕೂಡಿಸುವ ಆಸೆ ನಮ್ಮ ತೀರ್ಥಹಳ್ಳಿ, ಸಾಗರದ ಕಡೆಯ ಹುಡುಗರಿಗೂ ಈಗ ಹಿಡಿದಿದೆ. ಒಳ್ಳೆಯ ಆಸೆಯೇ. ತಂಗಿಯ ಮೊಮ್ಮಗ ಹೋದ ತಿಂಗಳು ಮನೆಗೆ ಬಂದವನು, 'ಅಜ್ಜಾ, ಯಾವುದರಿಂದ ಶುರು ಮಾಡಲಿ?' ಎಂದು ಕೇಳಿದ. ನಾನು ತಿರುಗಿ ಕೇಳಿದೆ: 'ಆರಿದ್ರಾ ಮಳೆ ಹಿಡಿದಾಗ ನಿನ್ನ ಬಚ್ಚಲುಮನೆಯಲ್ಲಿ ಒದ್ದೆ ಟವೆಲ್ ಒಣಗಲು ಎಷ್ಟು ದಿನ ಬೇಕು?' ಅವನು ಲೆಕ್ಕ ಹಾಕಿ ನಾಲ್ಕು ದಿನ ಎಂದ. ಹಾಗಾದರೆ ಅಲ್ಲಿಂದಲೇ ಮಾತು ಶುರು ಮಾಡಬೇಕು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಷ್ಟಿಲ್ಲದ ಊರುಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಬಯಲುಸೀಮೆಯವರು ಇಪ್ಪತ್ತು ಸೋಪು, ಹತ್ತು ಬ್ರಷ್ಷು ಸಾಲಾಗಿ ಜೋಡಿಸಿಟ್ಟರೆ ಅವು ಉಳಿಯುತ್ತವೆ. ನಮ್ಮಲ್ಲಿ ಬಳಸದ ವಸ್ತು ಉಳಿಯುವುದಿಲ್ಲ. ಮೊದಲ ಸಲ ಹಣ ಕೂಡಿಸಿ ಕೊಂಡ, ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಬ್ರಷ್ಷನ್ನು ನಾನು ಒಂದು ಆಷಾಢದಲ್ಲಿ ತೊಳೆದು, ಮೇಲೆ ಮೇಲೆ ಕೊಡವಿ, ಜೋಪಾನವಾಗಿರಲಿ ಎಂದು ಅದರದೇ ಡಬ್ಬಿಯಲ್ಲಿ ಮುಚ್ಚಿಟ್ಟು ಮಗಳ ಮನೆಗೆ ಹೋಗಿದ್ದೆ. ಮೂರು ವಾರದ ಮೇಲೆ ತೆರೆದಾಗ ಕೂದಲಿನ ಬುಡದಲ್ಲಿ ಬೂದು ಬಣ್ಣದ ಬೂಷ್ಟು, ಮೂಗಿಗೆ ಹಳೆಯ ಗೋಣಿಚೀಲದ ವಾಸನೆ. ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ, ತೊಳೆದು ಬಿಸಿಲಿಗಿಟ್ಟರೂ ಆ ವಾಸನೆ ಪೂರ್ತಿ ಹೋಗಲಿಲ್ಲ. ಮುಖಕ್ಕೆ ತಾಗಿಸುವ ವಸ್ತುವಾದ್ದರಿಂದ ಕೊನೆಗೆ ಬಿಸಾಡಿದೆ. ಅಂದಿನಿಂದ ಮಳೆಗಾಲ ದಾಟಿಸಲು ಆಗುವಷ್ಟನ್ನೇ ಇಟ್ಟುಕೊಳ್ಳುತ್ತೇನೆ. ನನ್ನ ಪೆಟ್ಟಿಗೆಯಲ್ಲಿ ಈಗ ಮೂರು ಸೋಪು, ಎರಡು ಬ್ರಷ್ಷು, ಎರಡು ರೇಜರ್ ಇವೆ. ಇದಕ್ಕಿಂತ ಹೆಚ್ಚು ಬೇಕೆಂದು ನನಗೆ ಅನ್ನಿಸಿಲ್ಲ.

ಹೊಸಬರು ರೇಜರ್‌ಗೆ ಮೊದಲು ಹಣ ಸುರಿಯುತ್ತಾರೆ. ನನ್ನ ಮಾತು ಕೇಳುವುದಾದರೆ ಸೋಪಿಗೆ ಮೊದಲು ಕೊಡಿ. ಕೂದಲು ನೆನೆದು ಮೆತ್ತಗಾಗಿದ್ದರೆ ಸಾಧಾರಣ ರೇಜರ್ ಕೂಡ ನಯವಾಗಿ ಓಡುತ್ತದೆ. ನೊರೆ ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಉಕ್ಕಾದರೂ ಕೆನ್ನೆ ಉರಿಯುತ್ತದೆ. ಸ್ನಾನದ ಸೋಪಿನಲ್ಲಿ ಗಡ್ಡ ಮಾಡಿದವರಿಗೆ ಇದು ಗೊತ್ತು: ಒಂದು ಕೆನ್ನೆ ಮುಗಿಸುವುದರೊಳಗೆ ಇನ್ನೊಂದು ಕೆನ್ನೆಯ ನೊರೆ ಆರಿ ಬಿಳಿ ಪೊರೆಯಾಗಿರುತ್ತದೆ. ಸ್ನಾನದ ಗಟ್ಟಿ ಸೋಪಿಗೆ ಸೋಡಿಯಂ ಕ್ಷಾರ ಬಳಸುತ್ತಾರೆ. ಕ್ಷೌರದ ಸೋಪಿಗೆ ಪೊಟ್ಯಾಸಿಯಂ ಕ್ಷಾರವನ್ನೇ ಹೆಚ್ಚಾಗಿ ಹಾಕುತ್ತಾರೆ, ಅದರಿಂದ ಸೋಪು ಮೆತ್ತಗಾಗಿ ಬೇಗ ಕರಗುತ್ತದೆ. ನೊರೆ ದಪ್ಪಗೆ ನಿಲ್ಲುವುದು ಎಣ್ಣೆ, ಕೊಬ್ಬುಗಳಲ್ಲಿರುವ ಸ್ಟಿಯರಿಕ್ ಆಮ್ಲದಿಂದ. ಕೊಬ್ಬರಿ ಎಣ್ಣೆ ಗುಳ್ಳೆ ಎಬ್ಬಿಸುತ್ತದೆ, ಆದರೆ ಅದು ಹೆಚ್ಚಾದರೆ ಚರ್ಮ ಬಿಗಿಯುತ್ತದೆ.

ಈ ವಿಷಯದಲ್ಲಿ ಮಲೆನಾಡಿಗೆ ಒಂದು ಭಾಗ್ಯವಿದೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಅಮ್ಮ ಹಚ್ಚುತ್ತಿದ್ದ ಮುರುಗಲು ತುಪ್ಪದಲ್ಲಿ, ಅಂದರೆ ಮುರುಗಲು (ಕೋಕಂ) ಬೀಜದ ಕೊಬ್ಬಿನಲ್ಲಿ, ಅರ್ಧಕ್ಕೂ ಹೆಚ್ಚು ಪಾಲು ಇದೇ ಸ್ಟಿಯರಿಕ್ ಆಮ್ಲ. ಮನೆಯಲ್ಲೇ ಸೋಪು ಮಾಡಿ ಮಾರುವ ಸಾಗರದ ಕಡೆಯ ಒಬ್ಬ ಹೆಣ್ಣುಮಗಳಿಗೆ ನಾನು ಇದನ್ನು ಹೇಳಿದೆ. ಆಕೆ ಮಾಡಿದ ಮೊದಲ ಹದ ನಿಲ್ಲಲಿಲ್ಲ, ಎರಡನೆಯದು ಬ್ರಷ್ಷಿಗೆ ಹತ್ತದಷ್ಟು ಗಟ್ಟಿಯಾಯಿತು. ಮೂರನೆಯ ಸಲ ಮುರುಗಲು ತುಪ್ಪ, ಕೊಬ್ಬರಿ ಎಣ್ಣೆ, ಹರಳೆಣ್ಣೆ, ಗ್ಲಿಸರಿನ್ ಸೇರಿಸಿ, ಎರಡೂ ಕ್ಷಾರ ಹಾಕಿ ಮಾಡಿದ ಸೋಪನ್ನು ಐದು ವಾರ ಒಣಗಿ ಹಣ್ಣಾಗಲು ಬಿಟ್ಟು ಕೊಟ್ಟರು. ನಾನು ಅಂಗೈ ಮೇಲೆ ನೊರೆ ಮಾಡಿ ಹಾಗೆಯೇ ಐದು ನಿಮಿಷ ಹಿಡಿದು ಕುಳಿತೆ. ಗುಳ್ಳೆ ಒಡೆಯಲಿಲ್ಲ, ಅಂಚು ಒಣಗಲಿಲ್ಲ, ಬೆರಳಾಡಿಸಿದರೆ ದೋಸೆ ಹಿಟ್ಟಿನ ಮೇಲಿನ ನೊರೆಯಂತೆ ಜಾರಿತು. ಯಾರ ಸೋಪನ್ನೇ ಕೊಳ್ಳಿ, ಈ ಐದು ನಿಮಿಷದ ಪರೀಕ್ಷೆ ಮಾಡಿ. ಸಣ್ಣ ತಯಾರಕರಲ್ಲಿ ಕೊಳ್ಳುವುದರ ದೊಡ್ಡ ಲಾಭವೇ ಇದು. ಎಷ್ಟು ವಾರ ಹಣ್ಣಾಗಿಸಿದಿರಿ, ಯಾವ ಕ್ಷಾರ, ಯಾವ ಎಣ್ಣೆ ಎಂದು ಕೇಳಬಹುದು, ಅವರು ಹೇಳುತ್ತಾರೆ. ಹೇಳಲು ಹಿಂಜರಿದರೆ ಬೇರೆಯವರನ್ನು ನೋಡಿ.

ಹೊರದೇಶದ ಸಣ್ಣ ತಯಾರಕರ ಸೋಪು ತರಿಸುವವರು ಒಂದು ಪದವನ್ನು ನೆನಪಿಡಬೇಕು: ಟ್ಯಾಲೋ. ಅದು ಪ್ರಾಣಿಯ ಕೊಬ್ಬು, ಹೆಚ್ಚಾಗಿ ದನದ್ದು. ಪಟ್ಟಿಯಲ್ಲಿ ಸೋಡಿಯಂ ಟ್ಯಾಲೋವೇಟ್, ಪೊಟ್ಯಾಸಿಯಂ ಟ್ಯಾಲೋವೇಟ್ ಎಂದು ಬರೆದಿರುತ್ತಾರೆ. ಅಮೆರಿಕದ ಅನೇಕ ಹೆಸರಾಂತ ಕುಶಲಕರ್ಮಿಗಳು ಇದನ್ನೇ ಬಳಸುತ್ತಾರೆ, ನೊರೆ ಬಹಳ ಚೆನ್ನಾಗಿ ಬರುತ್ತದೆ ಎಂಬುದೂ ನಿಜ. ಆದರೆ ಮನೆಯಲ್ಲಿ ಆಚಾರ ಪಾಲಿಸುವ ಹಿರಿಯರಿದ್ದರೆ ಅವರಿಗೆ ತಿಳಿಸದೆ ಇಂಥದ್ದನ್ನು ಬಚ್ಚಲಿನಲ್ಲಿ ತಂದಿಡುವುದು ಸರಿಯಲ್ಲ. ಸಸ್ಯದ ಎಣ್ಣೆಯಿಂದಲೇ ಮಾಡಿದ ಒಳ್ಳೆಯ ಸೋಪುಗಳು ಬೇಕಾದಷ್ಟಿವೆ. ತರಿಸುವ ಮೊದಲು ಅಂಚೆ ಖರ್ಚು, ಸುಂಕ ಎರಡನ್ನೂ ಸೇರಿಸಿ ಲೆಕ್ಕ ಹಾಕಿ.

ಪರಿಮಳದ ಮಾತು ಬಂದರೆ ಶಿವಮೊಗ್ಗದವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1944ರಲ್ಲಿ ಇಲ್ಲಿ ಶ್ರೀಗಂಧದ ಎಣ್ಣೆ ಕಾರ್ಖಾನೆ ಆರಂಭವಾಯಿತು. ಗಂಧದ ವಾಸನೆ ನಮಗೆ ಹುಟ್ಟಿನಿಂದ ಪರಿಚಿತ. ಡಬ್ಬಿ ತೆರೆದ ಕೂಡಲೇ ಘಾಟಾಗಿ ಹೊಡೆಯುವುದು ಅಪ್ಪಟ ಗಂಧವಲ್ಲ. ಅಪ್ಪಟ ಗಂಧ ಮೊದಲಿಗೆ ಮೆಲ್ಲಗಿರುತ್ತದೆ, ಮುಖ ತೊಳೆದು ಎಷ್ಟೋ ಹೊತ್ತಿನ ಮೇಲೂ ಬೆರಳಿನಲ್ಲಿ ಉಳಿದಿರುತ್ತದೆ. ಹೆಚ್ಚುವರಿ ಸೋಪುಗಳನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡಿ. ಒಣಗಿರಲಿ ಎಂದು ಅಕ್ಕಿಯ ಡಬ್ಬಿಯೊಳಗೆ ಮಾತ್ರ ಇಡಬೇಡಿ. ನಮ್ಮ ಮನೆಯಲ್ಲಿ ಎರಡು ದಿನ ಅನ್ನಕ್ಕೆ ಲ್ಯಾವೆಂಡರ್ ವಾಸನೆ ಬಂದು, ಐದು ಸೇರು ಅಕ್ಕಿ ದನದ ಬಾನಿಗೆ ಹೋಯಿತು.

ಎಷ್ಟು ಸೋಪು ಸಾಕು? ದಿನಾ ಗಡ್ಡ ಮಾಡುವವನಿಗೆ 100 ಗ್ರಾಮಿನ ಒಂದು ಸೋಪು ಮೂರು ನಾಲ್ಕು ತಿಂಗಳು ಬರುತ್ತದೆ. ಹತ್ತು ಸೋಪು ಕೊಂಡರೆ ಮೂರು ಮಳೆಗಾಲ ಕಾಯಬೇಕು. ಅಷ್ಟರಲ್ಲಿ ಪರಿಮಳ ಸೊರಗುತ್ತದೆ, ಎಣ್ಣೆ ಕಮಟಾಗಲೂಬಹುದು. ಒಂದು ಮುಗಿದ ಮೇಲೆ ಒಂದು ತರಿಸಿ. ಆ ತಯಾರಕರಿಗೂ ವರ್ಷವಿಡೀ ಕೆಲಸವಿರುತ್ತದೆ.

ಬ್ರಷ್ಷಿಗೆ ಬರೋಣ. ಹಂದಿಯ ಕೂದಲಿನದು ಅಗ್ಗ, ಆದರೆ ಕೆಲವು ವಾರ ಬಳಸಿದ ಮೇಲೆ, ತುದಿ ಸೀಳಿಕೊಂಡ ನಂತರವೇ ಮೆತ್ತಗಾಗುವುದು. ಬ್ಯಾಡ್ಜರ್ ಕೂದಲಿನದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೆಚ್ಚಗಿನ ಸುಖ ಕೊಡುತ್ತದೆ. ಬಯಲಿನಲ್ಲಿ ಗುಣವಾದ ಅದೇ ನೀರು ನಮ್ಮ ಮಳೆಗಾಲದಲ್ಲಿ ದೋಷವಾಗುತ್ತದೆ. ಈಗಿನ ಕೃತಕ ಎಳೆಯ ಬ್ರಷ್ಷುಗಳು ನೆನೆಸದೆಯೇ ನೊರೆ ಕೊಡುತ್ತವೆ, ಕೊಡವಿದರೆ ಮರುದಿನದೊಳಗೆ ಒಣಗುತ್ತವೆ, ಪ್ರಾಣಿಯ ಕೂದಲು ಬೇಡ ಎನ್ನುವವರಿಗೂ ಸಲ್ಲುತ್ತವೆ. ಮಲೆನಾಡಿನವರ ಮೊದಲ ಬ್ರಷ್ಷು ಇದೇ ಆಗಿರಲಿ. ಪ್ರಾಣಿಯ ಕೂದಲಿನದು ಬೇಕೇ ಬೇಕೆಂದರೆ ದೀಪಾವಳಿ ಕಳೆದ ಮೇಲೆ ತೆಗೆದು, ಮೇ ಮುಗಿಯುವುದರೊಳಗೆ ಚೆನ್ನಾಗಿ ಒಣಗಿಸಿ ಎತ್ತಿಡಿ.

ಹಿಡಿಕೆಯಲ್ಲಿ ಮಾತ್ರ ನಿಮ್ಮ ಮನಸ್ಸಿನ ಆಸೆ ತೀರಿಸಿಕೊಳ್ಳಿ. ಕೂದಲಿನ ಗೊಂಡೆ ಬಿಡಿಯಾಗಿ ಸಿಗುತ್ತದೆ, 24 ಮಿಲಿಮೀಟರ್ ಅಗಲದ್ದು ಎಲ್ಲ ಮುಖಕ್ಕೂ ಹೊಂದುತ್ತದೆ. ತೊಟ್ಟಿಲು, ಮಂಚದ ಕಾಲು ಕಡೆಯುವವರ ಹತ್ತಿರ ಹಲಸಿನ ಹಳೆಯ ಮರದ ತುಂಡು ಒಯ್ದು, ಗೊಂಡೆಯ ಬುಡಕ್ಕಿಂತ ಕೂದಲೆಳೆಯಷ್ಟು ಅಗಲವಾದ ಕುಳಿ ತೆಗೆಸಿ. ಎಪಾಕ್ಸಿ ಅಂಟು ಹಾಕಿ ಕೂರಿಸಿ, ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ. ಮರಕ್ಕೆ ವಾರ್ನಿಷ್ ಮೂರು ನಾಲ್ಕು ಸಲ ಬಳಿಯಿರಿ, ಕುಳಿಯ ಒಳಗೂ ಬಳಿಯಿರಿ. ನಾನು ಬಳಸುವುದು ನಮ್ಮ ಹಳೆಯ ಕಣಜದ ಹಲಗೆಯಲ್ಲಿ ಕಡೆಸಿದ್ದು. ಹೊಸದಾಗಿ ಕಡೆದಾಗ ಅರಿಸಿನದಂತಿತ್ತು, ಹನ್ನೆರಡು ವರ್ಷದಲ್ಲಿ ಜೇನಿನ ಬಣ್ಣಕ್ಕೆ ತಿರುಗಿದೆ, ಹೆಬ್ಬೆರಳು ಕೂರುವ ಜಾಗದಲ್ಲಿ ಇನ್ನೂ ಗಾಢವಾಗಿದೆ. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ಲೋಕಕ್ಕೇ ಗೊತ್ತು. ಆದರೆ ಗಂಧದ ಹಿಡಿಕೆ ಕೊಳ್ಳುವುದಾದರೆ ಬಿಲ್ ಕೊಡುವ ಅಧಿಕೃತ ಮಳಿಗೆಯಲ್ಲೇ ಕೊಳ್ಳಿ. ಬಿಲ್ ಇಲ್ಲದ ಗಂಧದ ತುಂಡು ಮನೆಯಲ್ಲಿರುವುದೇ ಅಪಾಯ.

ರೇಜರ್‌ಗೆ ಬಹಳ ಹೇಳಬೇಕಿಲ್ಲ. ಅಗ್ಗದವು ಸತುವಿನ ಮಿಶ್ರಲೋಹದ ಮೇಲೆ ಕ್ರೋಮ್ ಲೇಪಿಸಿದವು. ಲೇಪ ಎದ್ದ ಜಾಗದಿಂದ ನಮ್ಮ ತೇವಕ್ಕೆ ಪುಡಿಯಾಗತೊಡಗುತ್ತವೆ. ಸಣ್ಣ ಕಾರ್ಯಾಗಾರಗಳು 316ಎಲ್ ಎಂಬ, ಸುಲಭಕ್ಕೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಅಥವಾ ಹಿತ್ತಾಳೆಯಲ್ಲಿ ಕೊರೆದು ಮಾಡಿದ್ದು ಒಂದು ಸಾಕು, ಮೊಮ್ಮಗನ ಕಾಲಕ್ಕೂ ಉಳಿಯುತ್ತದೆ. ಕೊಳ್ಳುವಾಗ ಬ್ಲೇಡಿಗೂ ಕೆಳಗಿನ ಪಟ್ಟಿಗೂ ಎಷ್ಟು ಅಂತರ ಎಂದು ಕೇಳಿ. ಹೊಸಬರಿಗೆ ಅರ್ಧ ಮಿಲಿಮೀಟರ್ ಸುತ್ತಮುತ್ತ ಇರಲಿ, ಒಂದು ಮಿಲಿಮೀಟರ್ ಮುಟ್ಟಿದರೆ ಪಳಗಿದ ಕೈ ಬೇಕು. ರೇಜರಿನ ಭಾರವೇ ಕೆಲಸ ಮಾಡಲಿ, ಒತ್ತಬೇಡಿ. ಮೊದಲು ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ, ಕೊನೆಗೆ ಒದ್ದೆ ಮುಖಕ್ಕೆ ಪಟಿಕ ಉಜ್ಜಿ ತಣ್ಣೀರಿನಲ್ಲಿ ತೊಳೆಯಿರಿ.

ಕೆಲಸ ಮುಗಿದ ಮೇಲಿನ ಎರಡು ನಿಮಿಷವನ್ನು ಉಳಿಸಲು ಹೋಗಬೇಡಿ. ಬ್ರಷ್ಷನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಕುದಿನೀರಿಗೆ ಬುಡದ ಅಂಟು ಬಿಡುತ್ತದೆ. ಕೊಡವಿ, ಒಣ ಬಟ್ಟೆಯ ಮೇಲೆ ಉಜ್ಜಿ, ಗಾಳಿಗಿಡಿ. ಬಚ್ಚಲ ಒಲೆ ಇರುವ ಮನೆಯಲ್ಲಿ ಹಂಡೆಯಿಂದ ಮೊಳದೂರದ ಗೂಡು ಇದಕ್ಕೆ ಹೇಳಿಮಾಡಿಸಿದ ಜಾಗ, ಹತ್ತಿರವಾದರೆ ಕೂದಲು ಸುಟ್ಟೀತು. ಸೋಪಿನ ಬಟ್ಟಲನ್ನು ಒದ್ದೆಯಿರುವಾಗ ಮುಚ್ಚಬೇಡಿ. ಬ್ಲೇಡನ್ನು ರೇಜರಿನಿಂದ ಬಿಚ್ಚಿ, ತೊಳೆದು ಕೊಡವಿ, ಎರಡೂ ಅಂಚಿಗೆ ಕೊಬ್ಬರಿ ಎಣ್ಣೆಯ ಪಸೆ ತಾಗಿಸಿ. ಹೀಗೆ ಮಾಡಿದರೆ ಶ್ರಾವಣದಲ್ಲೂ ತುಕ್ಕು ಸುಳಿಯುವುದಿಲ್ಲ, ಒಂದು ಬ್ಲೇಡು ನಾಲ್ಕೈದು ಕ್ಷೌರಕ್ಕೆ ಬರುತ್ತದೆ.

ಹಳೆಯ ಬ್ಲೇಡುಗಳ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಮನೆಗಳಲ್ಲಿ ಕಸವೆಲ್ಲ ಗೊಬ್ಬರದ ಗುಂಡಿಗೆ ಹೋಗುತ್ತದೆ, ಗುಂಡಿಯ ಗೊಬ್ಬರ ಅಡಕೆ ಮರದ ಬುಡಕ್ಕೆ. ಅದನ್ನು ಬುಟ್ಟಿಗೆ ತುಂಬುವುದು ಬರಿಗೈಯಲ್ಲಿ. ಒಂದು ವರ್ಷ ನಮ್ಮ ತೋಟದ ಕೆಲಸಕ್ಕೆ ಬಂದಿದ್ದ ಹೆಣ್ಣಾಳಿನ ಅಂಗೈ ನಾನು ಬಿಸಾಡಿದ ಬ್ಲೇಡಿನಿಂದ ಸೀಳಿತು. ಐದು ಹೊಲಿಗೆ ಬಿದ್ದವು, ಹದಿನೈದು ದಿನ ಆಕೆ ಕೆಲಸಕ್ಕೆ ಬರಲಾಗಲಿಲ್ಲ. ಆಸ್ಪತ್ರೆಯ ಖರ್ಚು, ಕೂಲಿ ಎರಡನ್ನೂ ಕೊಟ್ಟೆ, ಆದರೂ ಆಕೆ ಆ ಕೈಯಲ್ಲಿ ಕತ್ತಿ ಹಿಡಿಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಬ್ಲೇಡು ಹೋಗುವಷ್ಟೇ ಸೀಳು ಮಾಡಿ, ಮುಚ್ಚಳವನ್ನು ಬೆಸುಗೆ ಹಾಕಿಸಿ ಕನ್ನಡಿಯ ಪಕ್ಕದಲ್ಲಿಡಿ. ಮೊದಲ ಬ್ಲೇಡು ಕೊಳ್ಳುವ ದಿನವೇ ಈ ಡಬ್ಬಿ ಸಿದ್ಧವಾಗಿರಬೇಕು. ನನ್ನದು ತುಂಬಲು ಆರು ವರ್ಷ ಹಿಡಿಯಿತು. ತುಂಬಿದ ಮೇಲೆ ಸೀಳನ್ನೂ ಮುಚ್ಚಿಸಿ, ಮೇಲೆ ದಪ್ಪ ಅಕ್ಷರದಲ್ಲಿ 'ಒಳಗೆ ಬ್ಲೇಡು' ಎಂದು ಬರೆದು, ಗುಜರಿಯವನ ಕೈಗೇ ಹೇಳಿ ಕೊಟ್ಟೆ.