ಜಠರದ ಕ್ಯಾನ್ಸರ್, ಸಿಟಿ ಸ್ಕ್ಯಾನ್ ಮತ್ತು ಒಂದು ಜಗ್ ನೀರು

ಜಠರದ ಕ್ಯಾನ್ಸರ್ ಇರುವವರು ಆಪರೇಷನ್‌ಗೆ ಮುಂಚೆ ಸಿಟಿಗೆ ಬಂದರೆ, ನಾನು ಮೊದಲು ತರಿಸುವುದು ಒಂದು ಜಗ್ ಕುಡಿಯುವ ನೀರು. ಈ ಅಭ್ಯಾಸ ಶುರುವಾಗಿದ್ದು ನನ್ನದೇ ಒಂದು ತಪ್ಪಿನಿಂದ.

ರೇಡಿಯಾಲಜಿಸ್ಟ್ ಆಗಿ ಮೊದಲ ವರ್ಷಗಳು. ಒಬ್ಬ ಹೆಂಗಸಿಗೆ ಎಂಡೋಸ್ಕೋಪಿಯಲ್ಲಿ ಗೆಡ್ಡೆ ಕಂಡಿತ್ತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿತ್ತು. ರಾತ್ರಿಯಿಂದ ಉಪವಾಸ ಇದ್ದರು. ಹಾಗೇ ಮಲಗಿಸಿ ಸ್ಕ್ಯಾನ್ ಮಾಡಿದೆವು. ಖಾಲಿ ಜಠರ ಮಡಿಚಿಕೊಂಡಿರುತ್ತದೆ, ಚೆನ್ನಾಗಿರುವ ಗೋಡೆಯೂ ದಪ್ಪಗೆ ಕಾಣುತ್ತದೆ. ಅರ್ಧ ಜಠರಕ್ಕೆ ಗೆಡ್ಡೆ ಹಬ್ಬಿದೆ ಅಂತ ಬರೆದುಬಿಟ್ಟೆ. ಸರ್ಜನ್ ಹೊಟ್ಟೆ ತೆರೆದಾಗ ಅದು ಇದ್ದಿದ್ದು ಕೆಳತುದಿಯಲ್ಲಿ ಮಾತ್ರ. ಪೂರ್ತಿ ಜಠರ ತೆಗೆಯಬೇಕಾಗಬಹುದು ಅಂತ ಮನೆಯವರಿಗೆ ಆಗಲೇ ಹೇಳಿಯಾಗಿತ್ತು. ಒಂದು ವಾರ ಅವರು ನಿದ್ದೆ ಮಾಡಿರಲಿಲ್ಲ. ಅದು ನನ್ನ ರಿಪೋರ್ಟಿನಿಂದ ಆಗಿದ್ದು.

ಈಗ ಹೀಗೆ ಮಾಡುತ್ತೇನೆ. 6 ಗಂಟೆ ಉಪವಾಸ. ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡುತ್ತೇನೆ, ಹಿಂದೆ ಅಂಗಗಳು ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧ, ಅಂದರೆ ಕಾಂಟ್ರಾಸ್ಟ್‌ಗೆ ಅಲರ್ಜಿ ಆಗಿತ್ತಾ ಕೇಳುತ್ತೇನೆ. ಆಮೇಲೆ ಅರ್ಧ ಗಂಟೆಯಲ್ಲಿ 700ರಿಂದ 800 ಮಿಲಿ ನೀರು, ಕೊನೆಯ ಲೋಟ ಟೇಬಲ್ ಮೇಲೆ ಮಲಗುವ ಮುಂಚೆ. ಅಯೋಡಿನ್ ಔಷಧ ಬೆರೆಸಿದ ನೀರು ಬೇಡ. ಅದು ಸಿಟಿಯಲ್ಲಿ ಬೆಳ್ಳಗೆ ಕಾಣುತ್ತದೆ, ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟಾಗ ಗೆಡ್ಡೆಯೂ ಬೆಳ್ಳಗಾಗುತ್ತದೆ. ಬಿಳಿಯಲ್ಲಿ ಬಿಳಿ ಮುಚ್ಚಿಹೋಗುತ್ತದೆ. ಬರೀ ನೀರು ಕಪ್ಪಗೆ ಕಂಡು, ಗೋಡೆ ಎದ್ದು ಕಾಣುತ್ತದೆ. ಜಠರದ ಅಲುಗಾಟ ನಿಲ್ಲಲು ಬಸ್ಕೋಪಾನ್ ಇಂಜೆಕ್ಷನ್. ಗ್ಲಕೋಮಾ, ಪ್ರೊಸ್ಟೇಟ್ ಅಥವಾ ಹೃದಯದ ತೊಂದರೆ ಇದ್ದರೆ ಅದನ್ನು ಬಿಡುತ್ತೇನೆ. ಜಠರದಿಂದ ಹೊರಹೋಗುವ ದಾರಿ ಕಟ್ಟಿಕೊಂಡು ವಾಂತಿ ಮಾಡುತ್ತಿರುವವರಿಗೆ ನೀರು ಕುಡಿಸುವುದಿಲ್ಲ. ಅವರಿಗೆ ಮೊದಲು ಮೂಗಿನಿಂದ ಜಠರಕ್ಕೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿ ಒಳಗಿರುವುದನ್ನು ತೆಗೆಯಬೇಕು.

ಹೋದ ವರ್ಷ ಅಡಿಕೆ ತೋಟದ ಯಜಮಾನರೊಬ್ಬರು ಬಂದಿದ್ದರು. ಮೂರನೇ ಲೋಟಕ್ಕೆ ಕೈ ಅಡ್ಡ ಹಿಡಿದರು. "ಡಾಕ್ಟ್ರೇ, ಎರಡು ತುತ್ತು ಅನ್ನನೇ ಸೇರ್ತಿಲ್ಲ, ಇಷ್ಟು ನೀರು ಎಲ್ಲಿ ಸೇರ್ತದೆ?" "ನಿಧಾನಕ್ಕೆ ಯಜಮಾನ್ರೇ, ಗುಟುಕು ಗುಟುಕಾಗಿ ಕುಡೀರಿ" ಅಂತ ಪಕ್ಕದಲ್ಲೇ ಕೂತೆ. ಹೇಗೋ 700 ಮಿಲಿ ಆಯಿತು.

ಅವರ ಗೆಡ್ಡೆ ಜಠರದ ಕೆಳಭಾಗದಲ್ಲಿತ್ತು. ಅಂಗಾತ ಮಲಗಿಸಿದಾಗ ನೀರೆಲ್ಲ ಹಿಂದೆ, ಮೇಲ್ತುದಿಗೆ ಹೋಗಿ ನಿಂತಿತು. ಗೆಡ್ಡೆ ಮೇದೋಜೀರಕ ಗ್ರಂಥಿಗೆ ಅಂಟಿಕೊಂಡ ಹಾಗೆ ಕಾಣುತ್ತಿತ್ತು. ಅಂಟಿದ್ದರೆ ಅದು ಟಿ4ಬಿ, ಅಂದರೆ ಗೆಡ್ಡೆ ಪಕ್ಕದ ಅಂಗಕ್ಕೂ ನುಗ್ಗಿದ ಹಂತ, ಆಪರೇಷನ್ನಿನ ಲೆಕ್ಕಾಚಾರವೇ ಬೇರೆ. ಬೋರಲು ಮಲಗಿಸಿ ಇನ್ನೊಮ್ಮೆ ತೆಗೆದೆವು. ನೀರು ಮುಂದಕ್ಕೆ ಬಂತು, ಜಠರ ಬಿಚ್ಚಿಕೊಂಡಿತು. ಎರಡರ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಅದು ಕೊಬ್ಬಿನ ಗೆರೆ, ಅದು ಉಳಿದಿದ್ದರೆ ಗೆಡ್ಡೆ ಅಂಟಿಲ್ಲ ಅಂತ. 1 ಮಿಮೀ ಪದರಗಳನ್ನು ಅಡ್ಡ, ಉದ್ದ, ಪಕ್ಕ ಮೂರೂ ಕಡೆಯಿಂದ ನೋಡಿದೆ. ಎಲ್ಲೂ ಗೆರೆ ಮುರಿದಿರಲಿಲ್ಲ. ಆದರೆ ಜಠರದ ಹೊರಗೋಡೆ ನಯವಾಗಿರಲಿಲ್ಲ, ಗಂಟುಗಂಟಾಗಿತ್ತು. ಟಿ3 (ಜಠರದ ಹೊರಪೊರೆ ದಾಟದ ಗೆಡ್ಡೆ) ಮತ್ತು ಟಿ4ಎ (ಹೊರಪೊರೆ ದಾಟಿದ ಗೆಡ್ಡೆ) ಬೇರೆ ಮಾಡುವುದು ಸಿಟಿಗೆ ಕಷ್ಟ. ಅನುಮಾನವಿದ್ದರೆ ಅನುಮಾನ ಅಂತಲೇ ಬರೆಯುತ್ತೇನೆ, ಈ ಬಾರಿ ಟಿ4ಎ ಕಡೆಗೆ ವಾಲಿದೆ.

ಲಿಂಫ್ ಗಂಟುಗಳ ವಿಷಯದಲ್ಲಿ ಸಿಟಿಯನ್ನು ಜಾಸ್ತಿ ನಂಬಬೇಡಿ. ಸಣ್ಣ ಗಂಟಲ್ಲೂ ಕ್ಯಾನ್ಸರ್ ಇರಬಹುದು, ದೊಡ್ಡದು ಬರೀ ಊದಿರಬಹುದು. ನಾನು ಅಳತೆಯ ಜೊತೆಗೆ ಜಾಗವನ್ನೂ ಬರೆಯುತ್ತೇನೆ. ಇನ್ನೊಂದು ವಿಷಯ ಎಷ್ಟೋ ರಿಪೋರ್ಟುಗಳಲ್ಲಿ ಬಿಟ್ಟುಹೋಗುತ್ತದೆ: ಕೆಲವರಲ್ಲಿ ಲಿವರ್‌ನ ಎಡಭಾಗಕ್ಕೆ ರಕ್ತ ಹೋಗುವುದು ಜಠರದ ಎಡ ರಕ್ತನಾಳದಿಂದ. ಸರ್ಜನ್ ಆ ನಾಳವನ್ನು ಬುಡದಲ್ಲೇ ಕಟ್ಟುತ್ತಾರೆ. ಮೊದಲೇ ಗೊತ್ತಿರಬೇಕಲ್ವಾ? ಅಂಥದ್ದು ಕಂಡರೆ ರಿಪೋರ್ಟಿನ ಮೊದಲ ಸಾಲಲ್ಲೇ ಬರೆದು, ಫೋನ್ ಕೂಡ ಮಾಡುತ್ತೇನೆ.

ಯಜಮಾನರ ಹೊಟ್ಟೆಯಲ್ಲಿ, ಜಠರದ ಹೊರಗೆ, ನೀರು ತುಂಬಿರಲಿಲ್ಲ, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರ, ಅಂದರೆ ಒಮೆಂಟಂ, ಶುದ್ಧವಾಗಿತ್ತು. ಆದರೂ ಹೊಟ್ಟೆ ತೆರೆಯುವ ಮುಂಚೆ ಲ್ಯಾಪರೋಸ್ಕೋಪಿ ಮಾಡಿ ಅಂತ ಸರ್ಜನ್‌ಗೆ ಹೇಳಿದೆ. ಕ್ಯಾಮೆರಾ ಹಾಕಿದಾಗ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆಳಗೆ ರಾಗಿ ಕಾಳಿನಷ್ಟು ಬಿಳಿ ಚುಕ್ಕೆಗಳಿದ್ದವು. ಬಯಾಪ್ಸಿಯಲ್ಲಿ ಕ್ಯಾನ್ಸರ್. ಆ ಸಂಜೆ ಸ್ಕ್ಯಾನನ್ನು ಮತ್ತೆ ತೆರೆದು ಅದೇ ಜಾಗವನ್ನು ಎಷ್ಟೋ ಹೊತ್ತು ನೋಡಿದೆ. ಎಲ್ಲಿದೆ ಅಂತ ಗೊತ್ತಿದ್ದೂ ಏನೂ ಕಾಣಲಿಲ್ಲ. ದೊಡ್ಡ ಆಪರೇಷನ್ ಬಿಟ್ಟು ಕೀಮೋ ಶುರು ಮಾಡಿದರು.

ಕೀಮೋ ಆದಮೇಲೆ ಮತ್ತೆ ಸ್ಕ್ಯಾನ್‌ಗೆ ಬಂದರು, ಮಗನ ಕೈ ಹಿಡಿದುಕೊಂಡು. ಹಿಂದಿನ ಸಲ ಎಷ್ಟು ನೀರು ಕುಡಿದಿದ್ದರು, ಹೇಗೆ ಮಲಗಿದ್ದರು ಅಂತ ನಾನು ರಿಪೋರ್ಟಿನಲ್ಲೇ ಬರೆದಿಟ್ಟಿರುತ್ತೇನೆ. ಇಲ್ಲದಿದ್ದರೆ ಎರಡು ಸ್ಕ್ಯಾನ್ ಹೋಲಿಸಿ ಗೆಡ್ಡೆ ಕುಗ್ಗಿದೆ ಅಂತ ಹೇಗೆ ಹೇಳುವುದು? 700 ಮಿಲಿ ಅಳೆದು ಜಗ್ಗಿಗೆ ಹಾಕಿಸಿದೆ, ಬೋರಲು ಮಲಗಲು ದಿಂಬು ಸರಿಮಾಡಿದೆ. ಈ ಸಲ ಮೂರನೇ ಲೋಟಕ್ಕೆ ಅವರು ಕೈ ಅಡ್ಡ ಹಿಡಿಯಲಿಲ್ಲ.