‘ದಿ ಹಂಟ್’ ಸಿನಿಮಾನ ಮನೆಮಂದಿ ಜೊತೆ ಕೂತು ನೋಡೋದು ಹ್ಯಾಗೆ

ಮೊದಲನೇದಾಗಿ ಸರಿಯಾದ ಸಿನಿಮಾನೇ ತಂದಿದ್ದೀರಾ ನೋಡ್ಕೊಳ್ಳಿ. 2020ರಲ್ಲಿ ಇದೇ ಹೆಸರಲ್ಲಿ ಅಮೆರಿಕದ್ದೊಂದು ಬಂದಿದೆ, ಶ್ರೀಮಂತರು ಮನುಷ್ಯರನ್ನೇ ಶಿಕಾರಿ ಮಾಡೋ ಕತೆ, ನಾನು ಗೊತ್ತಿಲ್ದೆ ಅದನ್ನೇ ಹಾಕಿ ಅತ್ತೆ ಹತ್ತು ನಿಮಿಷಕ್ಕೆ ಎದ್ದು ಒಳಗೆ ಹೋಗಿದ್ರು. ನಮಗೆ ಬೇಕಾಗಿರೋದು ಡೆನ್ಮಾರ್ಕಿಂದು, 2012ರದ್ದು, ಮೂಲ ಹೆಸರು ‘ಯಾಗ್ಟನ್’, ಥಾಮಸ್ ವಿಂಟರ್‌ಬರ್ಗ್ ಡೈರೆಕ್ಷನ್. ಮ್ಯಾಡ್ಸ್ ಮಿಕೆಲ್ಸನ್ ಮುಖ ಕಂಡ್ರೆ ಸರಿಯಾದದ್ದು ಅಂತ ತಿಳ್ಕೊಳ್ಳಿ, ಈ ಪಾತ್ರಕ್ಕೇ ಅವನಿಗೆ ಕಾನ್ ಚಿತ್ರೋತ್ಸವದಲ್ಲಿ ಬೆಸ್ಟ್ ಆಕ್ಟರ್ ಪ್ರಶಸ್ತಿ ಸಿಕ್ಕಿದ್ದು.

ಅಡಿಕೆ ಕೊಯ್ಲು ಮುಗಿದ ಮೇಲೆ ಇಟ್ಕೊಳ್ಳಿ. ಮಳೆಗಾಲದಲ್ಲಿ ನಮ್ ತೀರ್ಥಹಳ್ಳಿ ಕಡೆ ಕರೆಂಟಿನ ಕತೆ ಗೊತ್ತಲ್ಲ ಮಾರಾಯ್ರೆ. ಸಿನಿಮಾ ಎರಡು ಗಂಟೆಗೆ ಸ್ವಲ್ಪ ಕಮ್ಮಿ, ಆದ್ರೆ ನಡುವೆ ನಿಲ್ಲಿಸೋದಿರತ್ತೆ, ಮೂರು ಗಂಟೆ ಲೆಕ್ಕ ಹಾಕಿ. ಮಕ್ಕಳನ್ನ ಮಲಗಿಸಿ. ನಾಯಿ ಸಾಕಿದವರು ಇದ್ರೆ ಒಂದು ಮಾತು ಮೊದ್ಲೇ ಹೇಳಿಬಿಡಿ, ಯಾಕೆ ಅಂತ ಹೇಳೋದು ಬೇಡ. ಸಬ್‌ಟೈಟಲ್ ಓದೋಕಾಗದ ಹಿರಿಯರ ಪಕ್ಕ ಒಬ್ರು ಕೂತು ಮೆಲ್ಲಗೆ ಕನ್ನಡದಲ್ಲಿ ಹೇಳ್ತಾ ಹೋಗ್ಲಿ, ಮಾತು ಕಮ್ಮಿ ಇರೋ ಸಿನಿಮಾ, ಕಷ್ಟ ಆಗಲ್ಲ.

ಕತೆ ಇಷ್ಟು: ಲೂಕಸ್ ಅಂತ ಶಿಶುವಿಹಾರದ ಮೇಷ್ಟ್ರು, ಅವನ ಜೀವದ ಗೆಳೆಯನ ಮಗಳು ಕ್ಲಾರಾ ಬೇಜಾರಲ್ಲಿ ಅವನ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನ ಬರೋ ಹಾಗೆ ಒಂದು ಮಾತು ಆಡ್ತಾಳೆ, ಊರು ಊರೇ ತಿರುಗಿ ಬೀಳತ್ತೆ. ಅವನು ತಪ್ಪು ಮಾಡಿಲ್ಲ ಅನ್ನೋದು ನಮಗೆ ಶುರುವಿಂದ್ಲೇ ಗೊತ್ತಿರತ್ತೆ, ಹಾಗಾಗಿ ಸಸ್ಪೆನ್ಸ್ ಅಂತ ಹೇಳಿ ಯಾರನ್ನೂ ಕರೀಬೇಡಿ.

ಈಗ ಮುಖ್ಯ ವಿಷ್ಯ. ಶಾಲೆಯ ಹೆಡ್ ಮೇಡಂ ಹೊರಗಿಂದ ಒಬ್ಬ ಗಂಡಸನ್ನ ಕರೆಸಿ ಮಗುನ ಕೇಳಿಸೋ ಸೀನ್ ಬರತ್ತೆ. ಅದು ಮುಗಿದ ಕೂಡ್ಲೆ ಪಾಸ್ ಒತ್ತಿ. ಎಲ್ರಿಗೂ ಒಂದೊಂದು ಚೀಟಿ ಕೊಡಿ, ಮಗು ತನ್ನ ಬಾಯಿಂದ ಏನು ಹೇಳ್ತು ಅಷ್ಟೇ ಬರೀರಿ ಅನ್ನಿ. ಆಮೇಲೆ ಅದೇ ಸೀನ್ ವಾಪಸ್ ಹಾಕಿ, ಈ ಸಲ ಅವನು ಕೇಳಿದ್ದನ್ನ ಬರೀಲಿ. ನಮ್ಮನೇಲಿ ಎಲ್ರ ಮೊದಲನೇ ಚೀಟಿ ತುಂಬಿತ್ತು, ಎರಡನೇ ಸಲ ನೋಡಿದ್ರೆ ಅದ್ರಲ್ಲಿ ಮುಕ್ಕಾಲು ಆ ಮನುಷ್ಯನ ಮಾತು, ಮಗು ಮೂಗು ಸೆಳೀತಾ ಹೊರಗೆ ಆಡೋಕೆ ಹೋಗ್ಬೇಕು ಅಂತಿದೆ, ಕೊನೆಗೆ ತಲೆ ಆಡಿಸತ್ತೆ. ಅತ್ತಿಗೆ ಸುಮ್ನೆ ಪೆನ್ ಕೆಳಗಿಟ್ರು. ಅವರು ಅಂಗನವಾಡೀಲಿ ಕೆಲ್ಸ ಮಾಡೋರು.

ಇಲ್ಲಿ ಯಾರಾದ್ರೂ ಒಬ್ರು ‘ನೋಡಿ, ಮಕ್ಳು ಹಿಂಗೇ ಸುಳ್ಳು ಹೇಳ್ತಾವೆ’ ಅಂತಾರೆ, ಅಂದೇ ಅಂತಾರೆ. ಬಿಡ್ಬೇಡಿ. ಮಗು ಹೇಳಿದ್ದನ್ನ ಕೇಳಿಸ್ಕೊಳ್ಲೇಬೇಕು, ತಕರಾರು ಇರೋದು ಕೇಳೋ ರೀತಿ ಮೇಲೆ. ನಮ್ಮಲ್ಲಿ ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆ ಬಂದಿದ್ದೂ ಅದೇ 2012ರಲ್ಲಿ, ಅದ್ರ ಪ್ರಕಾರ ಮಗು ಹೇಳಿಕೆ ತಗೊಳ್ಳೋ ಪೊಲೀಸರು ಯೂನಿಫಾರ್ಮ್‌ನಲ್ಲಿ ಇರೋ ಹಾಗಿಲ್ಲ, ಮಗು ಹೇಳಿದ್ದು ಸುಳ್ಳು ಅಂತಾದ್ರೂ ಮಗುವಿಗೆ ಶಿಕ್ಷೆ ಇಲ್ಲ. ಮಕ್ಕಳ ಸಹಾಯವಾಣಿ 1098 ಅಂತ ಚೀಟಿ ಹಿಂದೆ ಬರೆಸಿಬಿಡಿ.

ಆಮೇಲೆ ಸುಮ್ನೆ ನೋಡಿ. ಸೂಪರ್‌ಮಾರ್ಕೆಟ್ ಸೀನು, ಕ್ರಿಸ್‌ಮಸ್ ರಾತ್ರಿ ಚರ್ಚಲ್ಲಿ ಲೂಕಸ್ ತಿರುಗಿ ಗೆಳೆಯನ ಕಡೆ ನೋಡೋ ಸೀನು, ಎಲ್ಲೂ ನಿಲ್ಲಿಸ್ಬೇಡಿ. ಚರ್ಚ್ ಸೀನಲ್ಲಿ ಫೋನ್ ನೋಡೋರ ಕೈಯಿಂದ ಫೋನ್ ಕಿತ್ಕೊಳ್ಳಿ.

ಕೊನೇ ಸೀನ್ ಕಾಡಲ್ಲಿ, ಕೋವಿ ಸದ್ದು, ಎದುರು ಬಿಸಿಲಲ್ಲಿ ಒಂದು ಆಕೃತಿ. ‘ಯಾರದು?’ ಅಂತ ಎಲ್ರೂ ನಿಮ್ಮನ್ನೇ ಕೇಳ್ತಾರೆ. ಸಿನಿಮಾನೇ ಹೇಳಲ್ಲ, ನೀವೂ ಹೇಳೋಕೆ ಹೋಗ್ಬೇಡಿ, ಎದ್ದು ಕಾಫಿಗೆ ನೀರಿಡಿ. ತೋಟಕ್ಕೆ ಹಂದಿ ಬರ್ತಾವೆ ಅಂತ ಲೈಸೆನ್ಸ್ ಕೋವಿ ಇಟ್ಕೊಂಡಿರೋ ನಮ್ ದೊಡ್ಡಪ್ಪ, ಕಾಫಿ ಆರೋದ್ರೊಳಗೆ ಮೂರು ಜನರ ಹೆಸ್ರು ಹೇಳಿ, ಮೂರನ್ನೂ ಅವರೇ ಹೊಡೆದು ಹಾಕಿದ್ರು.